ಬಯೋಸ್ ಅಪ್‌ಡೇಟ್ ಆಯ್ತು, ನಾಲ್ಕು ಡಿಸ್ಕ್ ಮಾಯ: ಒಂದು ಪ್ರಕರಣದ ಪೂರ್ತಿ ವಿವರ

ಮದರ್‌ಬೋರ್ಡಿನ ಫರ್ಮ್‌ವೇರ್ (ಕಂಪ್ಯೂಟರ್ ಆನ್ ಆದಾಗ ಮೊದಲು ಓಡುವ, ಬೋರ್ಡಿನಲ್ಲೇ ಇರುವ ಸಾಫ್ಟ್‌ವೇರ್, ಬಯೋಸ್ ಅಂತಲೂ ಕರೆಯುತ್ತಾರೆ) ಅಪ್‌ಡೇಟ್ ಮಾಡಿದ ಮೇಲೆ ಹಾರ್ಡ್ ಡಿಸ್ಕ್ ಕಾಣುತ್ತಿಲ್ಲ ಅನ್ನುವ ದೂರು ಹೊಸದೇನಲ್ಲ. ಬಹಳಷ್ಟು ಸಲ ಯಾವುದೋ ಒಂದು ಸೆಟ್ಟಿಂಗ್ ಫ್ಯಾಕ್ಟರಿ ಸ್ಥಿತಿಗೆ ಹೋಗಿರುತ್ತದೆ. ಅದನ್ನು ಸರಿ ಮಾಡಿದರೆ ಡಿಸ್ಕ್ ವಾಪಸ್ ಬರುತ್ತದೆ, ಕಥೆ ಮುಗಿಯುತ್ತದೆ. ಈ ಪ್ರಕರಣದಲ್ಲೂ ಅಂಥ ಒಂದು ಸೆಟ್ಟಿಂಗ್ ಇತ್ತು. ಆದರೆ ಅದನ್ನೇ ಮೊದಲು ಸರಿ ಮಾಡಿದ್ದರೆ ಕೆಲಸ ಇನ್ನಷ್ಟು ಕೆಡುತ್ತಿತ್ತು. ಯಾಕೆ ಅನ್ನುವುದನ್ನು ಬಿಡಿಸಿ ಹೇಳುವುದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಯಂತ್ರ ಹೀಗಿತ್ತು

ಗೆಳೆಯನೊಬ್ಬ ನೋಡಿಕೊಳ್ಳುವ ಫೈಲ್ ಸರ್ವರ್ ಇದು. ಸರ್ವರ್ ಅಂದರೂ ಒಳಗಿರುವುದು ಮಾಮೂಲಿ ಡೆಸ್ಕ್‌ಟಾಪ್ ಮದರ್‌ಬೋರ್ಡ್. ಮೊದಲ ಎಂ.2 ಸ್ಲಾಟ್‌ನಲ್ಲಿ (ಎಸ್‌ಎಸ್‌ಡಿಯನ್ನು ಬೋರ್ಡಿಗೇ ಸಿಕ್ಕಿಸುವ ಜಾಗ) ಒಂದು ಎನ್‌ವಿಎಂಇ ಎಸ್‌ಎಸ್‌ಡಿ, ಅದರಲ್ಲಿ ಲಿನಕ್ಸ್. ಎರಡನೇ ಎಂ.2 ಸ್ಲಾಟ್‌ನಲ್ಲಿ ತಾತ್ಕಾಲಿಕ ಫೈಲ್‌ಗಳಿಗೆ ಇನ್ನೊಂದು ಎಸ್‌ಎಸ್‌ಡಿ. ಜೊತೆಗೆ 4 ಟಿಬಿಯ ನಾಲ್ಕು ಸಾಟಾ ಹಾರ್ಡ್ ಡಿಸ್ಕ್‌ಗಳು. ಲಿನಕ್ಸ್‌ನ ಎಂಡಿಆಡ್ಮ್ ಅನ್ನುವ ಉಪಕರಣ ಬಳಸಿ ಆ ನಾಲ್ಕನ್ನೂ ರೇಡ್ 5 ಆಗಿ, ಅಂದರೆ ಒಂದು ಡಿಸ್ಕ್ ಕೆಟ್ಟರೂ ಡೇಟಾ ಉಳಿಯುವ ಒಂದೇ ಗುಂಪಾಗಿ (ಅರೇ), ಜೋಡಿಸಿದ್ದರು. ಒಂದು ಡಿಸ್ಕಿನಷ್ಟು ಜಾಗ ಪ್ಯಾರಿಟಿಗೆ (ಕೆಟ್ಟ ಡಿಸ್ಕಿನ ಡೇಟಾವನ್ನು ಮತ್ತೆ ಲೆಕ್ಕ ಹಾಕಿ ಪಡೆಯುವ ಮಾಹಿತಿಗೆ) ಹೋಗುವುದರಿಂದ ಬಳಸಲು ಸಿಗುವ ಜಾಗ 12 ಟಿಬಿ, ಅದರ ಮೇಲೆ ಇಎಕ್ಸ್‌ಟಿ4 ಫೈಲ್ ಸಿಸ್ಟಂ.

ಇನ್ನೊಂದು ವಿವರ ಆಗ ಯಾರಿಗೂ ದೊಡ್ಡದು ಅನ್ನಿಸಿರಲಿಲ್ಲ. ರೇಡ್ ಕಟ್ಟುವಾಗ ಡಿಸ್ಕ್‌ಗಳಲ್ಲಿ ಪಾರ್ಟಿಷನ್ ಮಾಡಿರಲಿಲ್ಲ. ಇಡೀ ಡಿಸ್ಕನ್ನೇ ಎಂಡಿಆಡ್ಮ್‌ಗೆ ಕೊಟ್ಟಿದ್ದರು. ಆ ಡಿಸ್ಕ್‌ಗಳು ಅದಕ್ಕೂ ಮೊದಲು ಬೇರೆ ಕೆಲಸಕ್ಕೆ ಬಳಕೆಯಾಗಿದ್ದವು, ಆಗ ಅವುಗಳ ಮೇಲೆ ಜಿಪಿಟಿ ಪಾರ್ಟಿಷನ್ ಟೇಬಲ್, ಅಂದರೆ ಡಿಸ್ಕಿನ ಯಾವ ಭಾಗ ಎಲ್ಲಿಂದ ಎಲ್ಲಿವರೆಗೆ ಅಂತ ಬರೆದಿಡುವ ಪಟ್ಟಿ, ಇತ್ತು. ಇಂಥ ಡಿಸ್ಕ್ ಮೇಲೆ ರೇಡ್ ಕಟ್ಟಲು ಹೋದರೆ ಎಂಡಿಆಡ್ಮ್ ಎಚ್ಚರಿಸುತ್ತದೆ: ಇಲ್ಲೊಂದು ಪಾರ್ಟಿಷನ್ ಟೇಬಲ್ ಇದೆ, ಅರೇ ಆದಮೇಲೆ ಅದು ಹೋಗುತ್ತದೆ ಅಥವಾ ಅರ್ಥ ಕಳೆದುಕೊಳ್ಳುತ್ತದೆ, ಮುಂದುವರಿಯಲೇ? ಎಲ್ಲರೂ ಹೌದು ಅಂತಾರೆ, ಇಲ್ಲೂ ಹೌದು ಅಂದಿದ್ದರು. ವರ್ಷಗಟ್ಟಲೆ ಏನೂ ತೊಂದರೆ ಆಗಲಿಲ್ಲ.

ಆಮೇಲೆ ಭದ್ರತಾ ದೋಷಗಳನ್ನು ಸರಿಪಡಿಸುವ ಹೊಸ ಫರ್ಮ್‌ವೇರ್ ಬಂತು. ಸರ್ವರನ್ನು ಸರಿಯಾಗಿ ಶಟ್‌ಡೌನ್ ಮಾಡಿ, ಯುಎಸ್‌ಬಿ ಪೆನ್‌ಡ್ರೈವ್‌ನಿಂದ ಅಪ್‌ಡೇಟ್ ಹಾಕಿದರು. ಅಪ್‌ಡೇಟ್ ಸರಿಯಾಗಿಯೇ ಮುಗಿಯಿತು. ಯಂತ್ರ ಮತ್ತೆ ಆನ್ ಆದಾಗ ಲಿನಕ್ಸ್ 90 ಸೆಕೆಂಡು ಅರೇಗಾಗಿ ಕಾದು, ಸಿಗದೆ, ಎಮರ್ಜೆನ್ಸಿ ಮೋಡ್‌ನಲ್ಲಿ ನಿಂತಿತು.

ಮೊದಲ ನೋಟ

ಫರ್ಮ್‌ವೇರ್ ಸೆಟಪ್ ತೆರೆದರೆ ನಾಲ್ಕು ಹಾರ್ಡ್ ಡಿಸ್ಕ್‌ಗಳ ಪೈಕಿ ಎರಡು ಮಾತ್ರ ಪಟ್ಟಿಯಲ್ಲಿದ್ದವು. 5 ಮತ್ತು 6ನೇ ಸಾಟಾ ಪೋರ್ಟ್‌ಗಳಲ್ಲಿದ್ದ ಎರಡರ ಸುಳಿವೇ ಇಲ್ಲ.

ಇದರ ಕಾರಣ ಬೇಗ ಸಿಕ್ಕಿತು. ಡೆಸ್ಕ್‌ಟಾಪ್ ಬೋರ್ಡ್‌ಗಳಲ್ಲಿ ಲೇನ್‌ಗಳು (ಡೇಟಾ ಓಡಾಡುವ ದಾರಿಗಳು) ಲೆಕ್ಕಕ್ಕೆ ತಕ್ಕಷ್ಟೇ ಇರುತ್ತವೆ. ಹಾಗಾಗಿ ಎರಡನೇ ಎಂ.2 ಸ್ಲಾಟ್ ಮತ್ತು ಕೊನೆಯ ಎರಡು ಸಾಟಾ ಪೋರ್ಟ್‌ಗಳು ಅವೇ ಲೇನ್‌ಗಳನ್ನು ಹಂಚಿಕೊಳ್ಳುವುದು ಸಾಮಾನ್ಯ. ಈ ಬೋರ್ಡಿನಲ್ಲಿ ಎಂ.2 ಸ್ಲಾಟ್ ಎರಡು ಲೇನ್‌ನಲ್ಲಿ ಓಡಿದರೆ 5 ಮತ್ತು 6ನೇ ಪೋರ್ಟ್‌ಗಳು ಜೀವಂತ. ನಾಲ್ಕು ಲೇನ್ ಕೊಟ್ಟರೆ ಆ ಎರಡೂ ಪೋರ್ಟ್ ಬಂದ್. ಗೆಳೆಯ ಹಿಂದೆಯೇ ಅದನ್ನು ಎರಡು ಲೇನ್‌ಗೆ ಇಳಿಸಿದ್ದ. ಅಪ್‌ಡೇಟ್ ಆ ಆಯ್ಕೆಯನ್ನು ಅಳಿಸಿ ನಾಲ್ಕಕ್ಕೆ ಏರಿಸಿತ್ತು. ಬೋರ್ಡಿನ ಕೈಪಿಡಿಯಲ್ಲಿ ಈ ಹಂಚಿಕೆಯ ಕೋಷ್ಟಕ ಇತ್ತು. ಡಿಸ್ಕ್ ಕಾಣುತ್ತಿಲ್ಲ ಅಂದಾಗ ಕೇಬಲ್ ಕಿತ್ತು ಹಾಕುವ ಮೊದಲು ಈ ಕೋಷ್ಟಕ ನೋಡುವುದು ಒಳ್ಳೆಯದು.

"ಅಣ್ಣಾ, ಸಿಕ್ತಲ್ಲ. ಎರಡು ಲೇನ್‌ಗೆ ಹಾಕಿ ಒಂದ್ಸಲ ರೀಬೂಟ್ ಮಾಡಿಬಿಡ್ಲಾ?" ಅಂತ ಗೆಳೆಯ ಕೇಳಿದ.

ಬೇಡ ಅಂದೆ. ಈ ಕಾರಣ ಪೂರ್ತಿ ಕಥೆ ಹೇಳುತ್ತಿರಲಿಲ್ಲ. ಇನ್ನೆರಡು ಡಿಸ್ಕ್ ಕಣ್ಣೆದುರಿಗೇ ಇದ್ದವು. ಹಾಗಿದ್ದ ಮೇಲೆ ಲಿನಕ್ಸ್ ಕನಿಷ್ಠ ಪಕ್ಷ "ನಾಲ್ಕರಲ್ಲಿ ಎರಡು ಸಿಕ್ಕಿವೆ, ಅರೇ ಶುರು ಮಾಡಲು ಸಾಲದು" ಅಂತ ಗೊಣಗಬೇಕಿತ್ತು. ಲಿನಕ್ಸ್ ಇಡುವ ರೇಡ್ ಅರೇಗಳ ಪಟ್ಟಿಯಲ್ಲಿ ಅರೆಬರೆ ಸ್ಥಿತಿಯ ಒಂದು ಸಾಲಾದರೂ ಇರಬೇಕಿತ್ತು. ಪಟ್ಟಿ ಪೂರ್ತಿ ಖಾಲಿ. ಅಂದರೆ ಕಾಣುತ್ತಿರುವ ಎರಡು ಡಿಸ್ಕ್‌ಗಳೂ ತಾವು ರೇಡ್‌ನ ಸದಸ್ಯರು ಅನ್ನುವುದನ್ನೇ ಮರೆತಿವೆ. ಪೋರ್ಟ್ ಬಂದ್ ಆಗಿದ್ದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಲ್ವಾ? ಎರಡು ಬೇರೆ ಬೇರೆ ತೊಂದರೆಗಳು ಒಟ್ಟಿಗೇ ಬಂದಿವೆ ಅನ್ನುವ ಅನುಮಾನ ಅಲ್ಲೇ ಹುಟ್ಟಿತು. ಎರಡನೆಯದು ಏನು ಅಂತ ಗೊತ್ತಾಗುವ ತನಕ ಯಾವ ಸೆಟ್ಟಿಂಗನ್ನೂ ಮುಟ್ಟಬಾರದು ಅಂತ ತೀರ್ಮಾನಿಸಿದೆವು.

ಬೇರೆ ಮಾಮೂಲಿ ಕಾರಣಗಳನ್ನು ಬದಿಗಿಟ್ಟಿದ್ದು

ಫರ್ಮ್‌ವೇರ್ ಅಪ್‌ಡೇಟ್ ಆದಮೇಲೆ ಡಿಸ್ಕ್ ಮಾಯವಾಗಲು ಇನ್ನೂ ಕೆಲವು ದಾರಿಗಳಿವೆ. ಅವನ್ನು ಬೇಗ ನೋಡಿ ದಾಟಿದೆವು.

ಸಾಟಾ ಮೋಡ್ (ಬೋರ್ಡು ಸಾಟಾ ಡಿಸ್ಕ್‌ಗಳ ಜೊತೆ ಮಾತಾಡುವ ಬಗೆ) ರೇಡ್‌ನಿಂದ ಮಾಮೂಲಿ ಎಎಚ್‌ಸಿಐಗೆ ಅಥವಾ ಅಲ್ಲಿಂದ ಇಲ್ಲಿಗೆ ಜಾರುವುದು ಒಂದು. ಮದರ್‌ಬೋರ್ಡಿನದೇ ರೇಡ್ ಬಳಸುತ್ತಿರುವವರಿಗೆ ಇದು ದೊಡ್ಡ ಹೊಡೆತ. ವಿಂಡೋಸ್ ಸಾಟಾ ಡಿಸ್ಕಿನಲ್ಲೇ ಇದ್ದರೆ ಬೂಟ್ ಆಗುವಾಗಲೇ ನೀಲಿ ಪರದೆ ಬರುತ್ತದೆ. ಇಂಟೆಲ್‌ನ 11ನೇ ತಲೆಮಾರು ಮತ್ತು ಆಮೇಲಿನ ಯಂತ್ರಗಳಲ್ಲಿ ವಿಎಂಡಿ ಅನ್ನುವ ಆಯ್ಕೆ ಇದೇ ಪಾತ್ರ ವಹಿಸುತ್ತದೆ. ಅದು ಆನ್ ಆಗಿದ್ದು ತಕ್ಕ ಡ್ರೈವರ್ ಇಲ್ಲದಿದ್ದರೆ ಎನ್‌ವಿಎಂಇ ಡಿಸ್ಕೇ ಕಾಣುವುದಿಲ್ಲ. ನಮ್ಮಲ್ಲಿ ಮೋಡ್ ಮೊದಲೂ ಎಎಚ್‌ಸಿಐ, ಈಗಲೂ ಅದೇ.

ಹಳೆಯ ಬಗೆಯ ಬೂಟ್‌ಗೆ ಅವಕಾಶ ಕೊಡುವ ಸಿಎಸ್‌ಎಂ ಅನ್ನುವ ಆಯ್ಕೆ ಆಫ್ ಆಗುವುದು ಇನ್ನೊಂದು. ಆಗ ಹಳೆಯ ಎಂಬಿಆರ್ ಶೈಲಿಯ (ಜಿಪಿಟಿಗೂ ಮೊದಲಿನ ಪಾರ್ಟಿಷನ್ ಪದ್ಧತಿ) ಬೂಟ್ ಡಿಸ್ಕ್‌ಗಳು ಬೂಟ್ ಪಟ್ಟಿಯಿಂದ ಬಿದ್ದುಹೋಗುತ್ತವೆ. ಡಿಸ್ಕ್ ಯಂತ್ರದಲ್ಲಿ ಇರುತ್ತದೆ, ಪಟ್ಟಿಯಲ್ಲಿ ಇರುವುದಿಲ್ಲ, ಅಷ್ಟೇ. ನಮ್ಮ ಲಿನಕ್ಸ್ ಯುಇಎಫ್‌ಐ ಅನ್ನುವ ಹೊಸ ಫರ್ಮ್‌ವೇರ್ ಪದ್ಧತಿಯ ಮೂಲಕವೇ ಬೂಟ್ ಆಗುತ್ತಿತ್ತು. ಮೂರನೆಯದು ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್. ಫರ್ಮ್‌ವೇರ್ ಬದಲಾದರೆ ಟಿಪಿಎಂ ಅನ್ನುವ ಭದ್ರತಾ ಘಟಕ ಹಿಡಿದಿಟ್ಟ ಅಳತೆಗಳೂ ಬದಲಾಗುತ್ತವೆ, ಆಗ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಅದಕ್ಕೇ ಅಪ್‌ಡೇಟ್‌ಗೆ ಮೊದಲು ಬಿಟ್‌ಲಾಕರನ್ನು ಸಸ್ಪೆಂಡ್ ಮಾಡಬೇಕು. ಇಲ್ಲಿ ಅದರ ಮಾತೇ ಇಲ್ಲ.

ಕಾಣುವ ಎರಡು ಡಿಸ್ಕ್‌ಗಳ ಸ್ಮಾರ್ಟ್ ವರದಿಯೂ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಇಡುವ ದಾಖಲೆ) ಚೆನ್ನಾಗಿತ್ತು. ಕರ್ನಲ್ (ಲಿನಕ್ಸ್‌ನ ತಿರುಳು) ಬರೆದಿಡುವ ಲಾಗ್‌ನಲ್ಲಿ ಓದುವ ದೋಷ ಒಂದೂ ಇಲ್ಲ. ಹಾರ್ಡ್‌ವೇರ್ ಗಟ್ಟಿಯಾಗಿದೆ.

ಡಿಸ್ಕಿನ ಮೊದಲ ಪುಟ

ಮುಂದೆ ಮಾಡಿದ್ದು ಓದುವ ಕೆಲಸ ಮಾತ್ರ. ಎಂಡಿಆಡ್ಮ್‌ನ ಎಕ್ಸಾಮಿನ್ ಆಜ್ಞೆಯನ್ನು ಕಾಣುತ್ತಿದ್ದ ಎರಡು ಡಿಸ್ಕ್‌ಗಳ ಮೇಲೆ ಓಡಿಸಿದಾಗ ಎರಡೂ ಒಂದೇ ಉತ್ತರ ಕೊಟ್ಟವು. ರೇಡ್ ವಿವರ ಏನೂ ಇಲ್ಲ. ಅದರ ಬದಲು ಒಂದು ಎಂಬಿಆರ್ ಗುರುತು, ಅದರಲ್ಲಿ 1ನೇ ಸೆಕ್ಟರಿನಿಂದ (ಸೆಕ್ಟರ್ ಅಂದರೆ ಡಿಸ್ಕಿನ ಅತಿ ಚಿಕ್ಕ ತುಂಡು) ಶುರುವಾಗುವ 4294967295 ಸೆಕ್ಟರುಗಳ ಒಂದೇ ಪಾರ್ಟಿಷನ್, ಅದರ ಬಗೆ "ಇಇ".

ಈ ಸಾಲು ಕಂಡರೆ ಅಲ್ಲೇ ನಿಂತು ಯೋಚಿಸಬೇಕು. "ಇಇ" ಅನ್ನುವುದು ಜಿಪಿಟಿಯ ಕಾವಲು ಎಂಬಿಆರ್‌ನ ಗುರುತು. ಈ ಡಿಸ್ಕ್ ಜಿಪಿಟಿಯದ್ದು, ಮುಟ್ಟಬೇಡಿ ಅಂತ ಹಳೆಯ ಸಾಫ್ಟ್‌ವೇರ್‌ಗಳಿಗೆ ಹೇಳುವುದಕ್ಕೆ ಇಟ್ಟಿರುವ ಫಲಕ ಅದು. ರೇಡ್ ಸದಸ್ಯನಾಗಿದ್ದ ಡಿಸ್ಕ್ ಈಗ ತಾನು ಜಿಪಿಟಿ ಡಿಸ್ಕ್ ಅನ್ನುತ್ತಿದೆ. ಇದು ಹೇಗಾಯ್ತು ಅಂತ ತಿಳಿಯಲು ಮೊದಲ 34 ಸೆಕ್ಟರ್‌ಗಳ ಒಳಗೆ ಏನೇನು ಕೂರುತ್ತದೆ ಅಂತ ಗೊತ್ತಿರಬೇಕು.

512 ಬೈಟ್ ಸೆಕ್ಟರ್ ಲೆಕ್ಕದಲ್ಲಿ, 0ನೇ ಸೆಕ್ಟರಿನಲ್ಲಿ ಆ ಕಾವಲು ಎಂಬಿಆರ್. 1ನೆಯದರಲ್ಲಿ ಜಿಪಿಟಿ ಹೆಡರ್. 2ರಿಂದ 33ರವರೆಗೆ ಪಾರ್ಟಿಷನ್‌ಗಳ ಪಟ್ಟಿ: ತಲಾ 128 ಬೈಟ್‌ನ 128 ಮನೆಗಳು. ಇದೇ ಹೆಡರ್ ಮತ್ತು ಪಟ್ಟಿಯ ಇನ್ನೊಂದು ಪ್ರತಿ ಡಿಸ್ಕಿನ ಕಟ್ಟಕಡೆಯ 33 ಸೆಕ್ಟರ್‌ಗಳಲ್ಲಿ ಇರುತ್ತದೆ. ಪಟ್ಟಿಯಲ್ಲಿ ಒಂದು ಬೈಟ್ ಆಚೀಚೆ ಆದರೂ ಗೊತ್ತಾಗಲಿ ಅಂತ ಹೆಡರ್‌ನೊಳಗೆ ಅದರ ಚೆಕ್‌ಸಮ್ ಬರೆದಿರುತ್ತದೆ.

ಈಗ ಎಂಡಿಆಡ್ಮ್ ಕಡೆ ಬನ್ನಿ. ಅದು ಈಗ ರೂಢಿಯಾಗಿ ಬಳಸುವುದು 1.2 ಆವೃತ್ತಿಯ ಮೆಟಾಡೇಟಾ (ಅರೇಯ ಬಗೆಗಿನ ಮಾಹಿತಿ). ಅದರ ಸೂಪರ್‌ಬ್ಲಾಕ್, ಅಂದರೆ ಈ ಡಿಸ್ಕ್ ಯಾವ ಅರೇಗೆ ಸೇರಿದ್ದು, ಅದರಲ್ಲಿ ಎಷ್ಟನೆಯದು ಅನ್ನುವ ಗುರುತಿನ ಚೀಟಿ, ಡಿಸ್ಕಿನ ಶುರುವಿನಿಂದ 4 ಕೆಬಿ ದೂರದಲ್ಲಿ ಕೂರುತ್ತದೆ. ಅಂದರೆ 8ನೇ ಸೆಕ್ಟರ್. ಅಂದರೆ ಜಿಪಿಟಿ ಪಟ್ಟಿಯ ಸರಿಯಾಗಿ ಹೊಟ್ಟೆಯೊಳಗೆ, 25ನೇ ಪಾರ್ಟಿಷನ್‌ನ ಮನೆಯಿಂದ ಮುಂದಕ್ಕೆ.

ಹಿಂದೆ ರೇಡ್ ಕಟ್ಟಿದಾಗ ಆಗಿದ್ದು ಇಷ್ಟು. ಎಂಡಿಆಡ್ಮ್ 8ನೇ ಸೆಕ್ಟರಿನಲ್ಲಿ ತನ್ನ ಚೀಟಿ ಬರೆಯಿತು. ಹಳೆಯ ಜಿಪಿಟಿಯ ಎಂಬಿಆರ್ ಮತ್ತು ಹೆಡರನ್ನು ಅಳಿಸಲಿಲ್ಲ, ಅವು 0 ಮತ್ತು 1ರಲ್ಲಿ ಹಾಗೇ ಉಳಿದವು. ಪಟ್ಟಿಯ ನಡುವೆ ಬೇರೇನೋ ಬಂದು ಕೂತಿದ್ದರಿಂದ ಚೆಕ್‌ಸಮ್ ತಾಳೆಯಾಗದು, ಮೊದಲ ಪ್ರತಿ ಕೆಟ್ಟಿದೆ ಅಂತ ಲೆಕ್ಕ. ಡಿಸ್ಕಿನ ಕೊನೆಯ ಪ್ರತಿ ಮಾತ್ರ ಒಂದು ಕೂದಲೂ ಕೊಂಕದೆ ಉಳಿದಿತ್ತು.

ಅದು ಅಷ್ಟು ವರ್ಷ ಉಳಿಯಲು ಕಾರಣ ಬರೀ ಅಂಕಗಣಿತ. 4 ಟಿಬಿ ಡಿಸ್ಕಿನಲ್ಲಿ 7814037168 ಸೆಕ್ಟರ್‌ಗಳಿರುತ್ತವೆ. ಈ ಅರೇಯ ಡೇಟಾ ಶುರುವಾಗುವುದು 264192ನೇ ಸೆಕ್ಟರಿನಿಂದ. ಉಳಿದಿದ್ದನ್ನು 512 ಕೆಬಿ ಚಂಕ್‌ಗಳಾಗಿ, ಅಂದರೆ ರೇಡ್ ಡೇಟಾವನ್ನು ಡಿಸ್ಕ್‌ಗಳಿಗೆ ಹಂಚುವ ತುಂಡುಗಳಾಗಿ, ಕತ್ತರಿಸಿದರೆ ಕೊನೆಯಲ್ಲಿ 688 ಸೆಕ್ಟರ್‌ಗಳ ಒಂದು ತುಂಡು ಮಿಗುತ್ತದೆ. ಅಲ್ಲಿ ಯಾರೂ ಏನೂ ಬರೆಯುವುದಿಲ್ಲ. ಜಿಪಿಟಿಯ ಕೊನೆಯ 33 ಸೆಕ್ಟರ್‌ಗಳು ಆ ಬೀಳು ಜಾಗದಲ್ಲಿ ನೆಮ್ಮದಿಯಾಗಿ ಕೂತಿದ್ದವು.

ಇಂಥ ಡಿಸ್ಕ್ ಫರ್ಮ್‌ವೇರ್ ಕಣ್ಣಿಗೆ ಹೇಗೆ ಕಾಣುತ್ತದೆ? ಕಾವಲು ಎಂಬಿಆರ್ ಇದೆ. ಮೊದಲ ಪ್ರತಿ ಕೆಟ್ಟಿದೆ. ಕೊನೆಯ ಪ್ರತಿ ಚೆನ್ನಾಗಿದೆ. ಯುಇಎಫ್‌ಐ ಮಾನದಂಡದ ಪ್ರಕಾರ ಇಂಥಲ್ಲಿ ಕೊನೆಯ ಪ್ರತಿಯಿಂದ ಮೊದಲನೆಯದನ್ನು ಸರಿಪಡಿಸಬಹುದು. ಬಳಕೆದಾರರನ್ನು ಕೇಳಿ ಮಾಡಬಹುದು, ಕೇಳದೆಯೂ ಮಾಡಬಹುದು, ಅದು ಪ್ಲಾಟ್‌ಫಾರ್ಮ್‌ನ ನೀತಿಗೆ ಬಿಟ್ಟದ್ದು. ಎಲ್ಲರಿಗೂ ತೆರೆದಿರುವ ಇಡಿಕೆ2 ಎಂಬ ಮಾದರಿ ಫರ್ಮ್‌ವೇರ್ ಕೋಡ್‌ನಲ್ಲೂ ಈ ರಿಪೇರಿಯ ದಾರಿ ಇದೆ. ಸರಿಪಡಿಸುವುದು ಅಂದರೆ ಪಟ್ಟಿಯ 32 ಸೆಕ್ಟರ್‌ಗಳನ್ನೂ ಹೊಸದಾಗಿ ಬರೆಯುವುದು. ಹಳೆಯ ಪಟ್ಟಿಯಲ್ಲಿ 25ನೇ ಮನೆ ಖಾಲಿ ಇತ್ತು. ಹಾಗಾಗಿ 8ನೇ ಸೆಕ್ಟರಿಗೆ ಬಂದದ್ದು ಬರೀ ಸೊನ್ನೆಗಳು.

ಎರಡೂ ಡಿಸ್ಕಿನ 8ನೇ ಸೆಕ್ಟರನ್ನು ಹೆಕ್ಸ್ ರೂಪದಲ್ಲಿ ತೆರೆದು ನೋಡಿದೆ. ಸೊನ್ನೆ, ಸೊನ್ನೆ, ಸೊನ್ನೆ. ಸೂಪರ್‌ಬ್ಲಾಕ್ ಇದ್ದಿದ್ದರೆ ಅದರ ಗುರುತಿನ ಸಂಖ್ಯೆಯ ನಾಲ್ಕು ಬೈಟ್‌ಗಳು ಅಲ್ಲಿ ಮೊದಲೇ ಕಾಣಬೇಕಿತ್ತು.

ಫರ್ಮ್‌ವೇರ್ ಇಲ್ಲಿ ನಿಯಮ ಮೀರಿಲ್ಲ ಅನ್ನುವುದನ್ನು ಒಪ್ಪುತ್ತೇನೆ. ಆದರೆ ಅದೇ ಮಾನದಂಡ ಇನ್ನೊಂದು ಮಾತನ್ನೂ ಹೇಳುತ್ತದೆ: ಸರಿಪಡಿಸಿದಾಗಲೆಲ್ಲ ಅದನ್ನು ತಿಳಿಸಬೇಕು. ಪರದೆ ಮೇಲೆ ಒಂದು ಸಾಲೂ ಬರಲಿಲ್ಲ. ಒಬ್ಬರ ಡಿಸ್ಕ್ ಮೇಲೆ ಬರೆದು ಸುಮ್ನೆ ಇದ್ದುಬಿಡುವುದು ನನ್ನ ಮಟ್ಟಿಗೆ ಸಣ್ಣ ತಪ್ಪಲ್ಲ.

ಬಂದ್ ಆದ ಪೋರ್ಟ್ ಮಾಡಿದ ಉಪಕಾರ

ಇಲ್ಲಿಗೆ ಬಂದಮೇಲೆ ಆ ಇನ್ನೆರಡು ಡಿಸ್ಕ್‌ಗಳ ಬೆಲೆ ಗೊತ್ತಾಯಿತು. ಅಪ್‌ಡೇಟ್ ಆದ ಕ್ಷಣದಿಂದ 5 ಮತ್ತು 6ನೇ ಪೋರ್ಟ್‌ಗಳು ಬಂದ್. ಹೊಸ ಫರ್ಮ್‌ವೇರ್ ಆ ಡಿಸ್ಕ್‌ಗಳನ್ನು ಒಮ್ಮೆಯೂ ನೋಡಿಲ್ಲ. ನೋಡದ ಡಿಸ್ಕ್ ಮೇಲೆ ಬರೆಯಲಾಗದು. ಹಾಗಾದರೆ ಅವುಗಳ ಸೂಪರ್‌ಬ್ಲಾಕ್ ಇನ್ನೂ ಇರಬೇಕು. ಲೇನ್ ಸೆಟ್ಟಿಂಗ್ ಸರಿ ಮಾಡಿ ರೀಬೂಟ್ ಮಾಡಿದ್ದರೆ ಅವೂ ಅಳಿಸಿಹೋಗುತ್ತಿದ್ದವು.

ಯಂತ್ರ ಆಫ್ ಮಾಡಿ, ನಾಲ್ಕೂ ಡಿಸ್ಕ್‌ಗಳನ್ನು ಹೊರಗೆ ತೆಗೆದು, ಸೀರಿಯಲ್ ನಂಬರ್ ನೋಡಿ ಯಾವುದು ಯಾವ ಪೋರ್ಟಿನದು ಅಂತ ಚೀಟಿ ಅಂಟಿಸಿದೆವು. ಓದಲು ಬೇರೆ ಕಂಪ್ಯೂಟರ್ ಬೇಕು. ಆದರೆ ಆ ಕಂಪ್ಯೂಟರಿನ ಫರ್ಮ್‌ವೇರ್ ಕೂಡ ಇದೇ ರಿಪೇರಿ ಮಾಡುವ ಪೈಕಿಯದ್ದೇ ಆಗಿರಬಹುದು. ಅದಕ್ಕೇ ಮೊದಲು ಲಿನಕ್ಸ್ ಪೂರ್ತಿ ಬೂಟ್ ಆಗಲು ಬಿಟ್ಟು, ಆಮೇಲೆ ಯುಎಸ್‌ಬಿ ಡಾಕ್ ಮೂಲಕ ಡಿಸ್ಕ್ ಸೇರಿಸಿದೆವು. ಬೂಟ್ ಆದಮೇಲೆ ಬಂದ ಡಿಸ್ಕನ್ನು ಫರ್ಮ್‌ವೇರ್ ತಡಕುವುದಿಲ್ಲ. ಕೆಲವು ಡಾಕ್‌ಗಳು ದೊಡ್ಡ ಡಿಸ್ಕ್‌ಗಳನ್ನು 4096 ಬೈಟ್ ಸೆಕ್ಟರಿನದ್ದು ಅಂತ ತೋರಿಸುತ್ತವೆ, ಆಗ ಲೆಕ್ಕ ಎಲ್ಲ ತಲೆಕೆಳಗು. ಇದು 512 ಎಂದೇ ತೋರಿಸುತ್ತಿತ್ತು, ಅದನ್ನು ಖಾತ್ರಿ ಮಾಡಿಕೊಂಡೇ ಮುಂದುವರಿದೆವು. ಲಿನಕ್ಸ್ ತಾನಾಗಿ ಅರೇ ಜೋಡಿಸಲು ಹೋಗದಂತೆ ಅದನ್ನೂ ತಡೆದು, ಪ್ರತಿ ಡಿಸ್ಕನ್ನೂ ಓದಲು ಮಾತ್ರ ಅಂತ ಗುರುತು ಮಾಡಿದೆವು.

ಎಕ್ಸಾಮಿನ್ ಓಡಿಸಿದರೆ ಎರಡರಲ್ಲೂ ಸೂಪರ್‌ಬ್ಲಾಕ್ ಸರಿಯಾಗಿತ್ತು. ರೇಡ್ 5, ನಾಲ್ಕು ಸದಸ್ಯರು, ಲೇಔಟ್ (ಚಂಕ್‌ಗಳನ್ನು ಹಂಚುವ ಕ್ರಮ) ಲೆಫ್ಟ್-ಸಿಮೆಟ್ರಿಕ್, ಚಂಕ್ 512 ಕೆಬಿ, ಡೇಟಾ ಆಫ್‌ಸೆಟ್ (ಡೇಟಾ ಶುರುವಾಗುವ ಜಾಗ) 264192 ಸೆಕ್ಟರ್. ಕೊನೆಯ ಸಲ ಶಟ್‌ಡೌನ್ ಆದಾಗ ಸ್ಥಿತಿ ಕ್ಲೀನ್. ಎರಡರ ಈವೆಂಟ್ ಕೌಂಟ್ (ಅರೇಯಲ್ಲಿ ಆದ ಬದಲಾವಣೆಗಳ ಎಣಿಕೆ) ಒಂದೇ. ಒಂದು ಡಿಸ್ಕ್ 0ನೇ ಸ್ಥಾನದ್ದು, ಇನ್ನೊಂದು 3ನೇ ಸ್ಥಾನದ್ದು.

ಹೀಗೆ ಅರೇಯ ಪೂರ್ತಿ ನಕ್ಷೆ ಕೈಗೆ ಬಂತು. ಉಳಿದದ್ದು ಒಂದೇ ಪ್ರಶ್ನೆ: ಚೀಟಿ ಕಳೆದುಕೊಂಡ ಎರಡರಲ್ಲಿ 1 ಯಾವುದು, 2 ಯಾವುದು?

ಕ್ರಮ ಹುಡುಕಿದ್ದು

ಸಿಸ್ಟಂ ಎಸ್‌ಎಸ್‌ಡಿಯಲ್ಲಿ ಹಳೆಯ ಲಾಗ್‌ಗಳು ಇದ್ದವು. ಅರೇ ಶುರುವಾದಾಗಲೆಲ್ಲ ಕರ್ನಲ್ ಒಂದೊಂದು ಡಿಸ್ಕಿಗೂ ಒಂದು ಸಾಲು ಬರೆಯುತ್ತದೆ: ಎಸ್‌ಡಿಬಿ ಇಷ್ಟನೇ ರೇಡ್ ಡಿಸ್ಕ್ ಆಗಿ ಕೆಲಸ ಮಾಡುತ್ತಿದೆ, ಎಸ್‌ಡಿಸಿ ಇಷ್ಟನೆಯದು, ಹೀಗೆ. ಆದರೆ ಎಸ್‌ಡಿಬಿ, ಎಸ್‌ಡಿಸಿ ಅನ್ನುವ ಹೆಸರುಗಳನ್ನು ನಂಬಿ ಕೂರುವಂತಿಲ್ಲ. ಒಂದೊಂದು ಬೂಟ್‌ನಲ್ಲಿ ಅವು ಅದಲು ಬದಲಾಗುತ್ತವೆ. ಸೀರಿಯಲ್ ನಂಬರ್ ಬೇಕು.

ಅದನ್ನು ಕೊಟ್ಟಿದ್ದು ಸ್ಮಾರ್ಟ್‌ಡಿ. ಡಿಸ್ಕ್‌ಗಳ ಆರೋಗ್ಯ ನೋಡುವ ಈ ಸೇವೆ ಶುರುವಾಗುವಾಗ ಪ್ರತಿ ಡಿಸ್ಕಿನ ಹೆಸರು, ಮಾಡೆಲ್, ಸೀರಿಯಲ್ ನಂಬರ್ ಎಲ್ಲವನ್ನೂ ಲಾಗ್‌ಗೆ ಬರೆಯುತ್ತದೆ. ಅದೇ ಬೂಟ್‌ನ ಎರಡು ಸಾಲುಗಳನ್ನು ಪಕ್ಕಪಕ್ಕ ಇಟ್ಟರೆ ಮುಗಿಯಿತು. ಎಸ್‌ಡಿಸಿ ರೇಡ್‌ನ 1ನೇ ಡಿಸ್ಕ್ ಅಂತ ಕರ್ನಲ್ ಹೇಳುತ್ತದೆ, ಎಸ್‌ಡಿಸಿಯ ಸೀರಿಯಲ್ ಇಂಥದ್ದು ಅಂತ ಸ್ಮಾರ್ಟ್‌ಡಿ ಹೇಳುತ್ತದೆ. ಚೀಟಿ ಉಳಿದಿದ್ದ 0 ಮತ್ತು 3ನೇ ಡಿಸ್ಕ್‌ಗಳ ಸೀರಿಯಲ್ ಕೂಡ ಇದಕ್ಕೆ ತಾಳೆಯಾದವು. ಹಾಗಾಗಿ ಉಳಿದೆರಡರ ಬಗ್ಗೆಯೂ ಲಾಗ್ ಹೇಳಿದ್ದನ್ನು ನಂಬಬಹುದಿತ್ತು.

ಓವರ್‌ಲೇ ಮೇಲೆ ಪ್ರಯೋಗ

ಸೂಪರ್‌ಬ್ಲಾಕ್ ಹೋದ ಅರೇಯನ್ನು ವಾಪಸ್ ತರಲು ಎಂಡಿಆಡ್ಮ್‌ನಲ್ಲಿ ಇರುವ ದಾರಿ ಭಯ ಹುಟ್ಟಿಸುವಂಥದ್ದು. ಅದೇ ಡಿಸ್ಕ್‌ಗಳ ಮೇಲೆ, ಅದೇ ಅಳತೆಗಳಲ್ಲಿ, ಅರೇಯನ್ನು ಹೊಸದಾಗಿ ಕ್ರಿಯೇಟ್ ಮಾಡಬೇಕು. ಅಸ್ಯೂಮ್-ಕ್ಲೀನ್ ಆಯ್ಕೆ ಕೊಟ್ಟರೆ ಅದು ಪ್ಯಾರಿಟಿಯನ್ನು ಹೊಸದಾಗಿ ಲೆಕ್ಕ ಹಾಕಿ ಬರೆಯುವುದಿಲ್ಲ, ಬರೀ ಹೊಸ ಸೂಪರ್‌ಬ್ಲಾಕ್‌ಗಳನ್ನು ಇಡುತ್ತದೆ. ಅಳತೆ ಸರಿ ಇದ್ದರೆ ಹಳೆಯ ಡೇಟಾ ಇದ್ದಲ್ಲೇ ಸಿಗುತ್ತದೆ. ಒಂದು ಅಳತೆ ತಪ್ಪಿದರೂ ಗೊಂದಲವೋ ಗೊಂದಲ. ಇದನ್ನು ನಿಜವಾದ ಡಿಸ್ಕ್ ಮೇಲೆ ನೇರವಾಗಿ ಮಾಡಬಾರದು, ಯಾವ ಕಾರಣಕ್ಕೂ.

ಅದಕ್ಕೇ ಓವರ್‌ಲೇ ಇರುವುದು. ಲಿನಕ್ಸ್‌ನ ಡಿವೈಸ್ ಮ್ಯಾಪರ್‌ನಲ್ಲಿ ಸ್ನ್ಯಾಪ್‌ಶಾಟ್ ಅನ್ನುವ ಸೌಲಭ್ಯ ಇದೆ. ಪ್ರತಿ ಡಿಸ್ಕಿಗೂ ಬೇರೊಂದು ಜಾಗದಲ್ಲಿ ಒಂದು ಖಾಲಿ ಫೈಲ್ ಕೊಡುತ್ತೇವೆ. ಓದುವಾಗ ನಿಜವಾದ ಡಿಸ್ಕಿನಿಂದ ಓದುತ್ತದೆ, ಬರೆದದ್ದೆಲ್ಲ ಆ ಫೈಲ್‌ಗೆ ಹೋಗುತ್ತದೆ. ನಕ್ಷೆಯ ಮೇಲೆ ಟ್ರೇಸಿಂಗ್ ಕಾಗದ ಹಾಸಿ ಗೆರೆ ಎಳೆದ ಹಾಗೆ. ಬೇಡ ಅನ್ನಿಸಿದರೆ ಫೈಲ್ ಎಸೆದು ಮತ್ತೆ ಶುರು ಮಾಡಬಹುದು. ಇದಕ್ಕೂ ಮೊದಲು ನಾಲ್ಕೂ ಡಿಸ್ಕ್‌ಗಳ ಮೊದಲ ಮತ್ತು ಕೊನೆಯ ಕೆಲವು ಎಂಬಿಯನ್ನು ಹಾಗೇ ನಕಲು ತೆಗೆದು ಬೇರೆ ಕಡೆ ಇಟ್ಟಿದ್ದೆವು.

ಇಲ್ಲಿ ಒಂದು ಗುಂಡಿ ಇದೆ, ಜನ ಜಾಸ್ತಿ ಬೀಳುವುದು ಅದರಲ್ಲೇ. ಎಕ್ಸಾಮಿನ್ ಡೇಟಾ ಆಫ್‌ಸೆಟನ್ನು ಸೆಕ್ಟರ್‌ಗಳಲ್ಲಿ ತೋರಿಸುತ್ತದೆ. ಕ್ರಿಯೇಟ್ ಮಾಡುವಾಗ ಅದೇ ಆಯ್ಕೆಗೆ ಬರೀ ಅಂಕಿ ಕೊಟ್ಟರೆ ಅದನ್ನು ಕಿಲೋಬೈಟ್ ಅಂತ ತಿಳಿಯುತ್ತದೆ. 264192 ಸೆಕ್ಟರ್ ಅಂದರೆ 132096 ಕೆಬಿ. ಕಂಡ ಅಂಕಿಯನ್ನೇ ನಕಲು ಹೊಡೆದರೆ ಆಫ್‌ಸೆಟ್ ಎರಡರಷ್ಟಾಗುತ್ತದೆ. ಆಫ್‌ಸೆಟ್ ಕೊಡದೆ ಬಿಟ್ಟರೂ ಕಷ್ಟ. ಎಂಡಿಆಡ್ಮ್‌ನ ಆವೃತ್ತಿ ಬದಲಾದರೆ ಅದು ತಾನಾಗಿ ಆರಿಸುವ ಆಫ್‌ಸೆಟ್ ಕೂಡ ಬದಲಾಗಬಹುದು. ಕೈಯಾರೆ ಕೊಡುವುದೇ ಸರಿ. ಚಂಕ್, ಲೇಔಟ್, ಮೆಟಾಡೇಟಾ ಆವೃತ್ತಿ, ಎಲ್ಲವನ್ನೂ ಹಾಗೇ ಬಿಡಿಸಿ ಬರೆದೆವು.

ಓವರ್‌ಲೇಗಳ ಮೇಲೆ ಲಾಗ್ ಹೇಳಿದ ಕ್ರಮದಲ್ಲಿ ಅರೇ ಕಟ್ಟಿ, ಫೈಲ್ ಸಿಸ್ಟಂ ತಪಾಸಣೆ ಓಡಿಸಿದೆವು. ಏನನ್ನೂ ಬದಲಿಸಬೇಡ, ಆದರೆ ಕ್ಲೀನ್ ಅಂತ ಕಂಡರೂ ಪೂರ್ತಿ ನೋಡು ಅನ್ನುವ ಎರಡೂ ಆಯ್ಕೆ ಕೊಟ್ಟು. ಬಹಳ ಹೊತ್ತು ಓಡಿ, ಒಂದೂ ದೋಷ ಹೇಳದೆ ಮುಗಿಯಿತು.

ಆಮೇಲೆ ಬೇಕೆಂದೇ 1 ಮತ್ತು 2ನ್ನು ಉಲ್ಟಾ ಮಾಡಿಯೂ ನೋಡಿದೆವು. ತಪ್ಪು ಕ್ರಮ ಹೇಗಿರುತ್ತದೆ ಅಂತ ಕಣ್ಣಿಗೆ ಗೊತ್ತಿರಬೇಕು ಅನ್ನುವುದು ನನ್ನ ಅಭ್ಯಾಸ. ಇಲ್ಲಿ ಕಂಡದ್ದು ಈ ಕೆಲಸಕ್ಕೆ ಇಳಿಯುವ ಎಲ್ಲರಿಗೂ ಗೊತ್ತಿರಬೇಕಾದದ್ದು. ಉಲ್ಟಾ ಕ್ರಮದಲ್ಲೂ ಅರೇ ಶುರುವಾಯಿತು. ಇಎಕ್ಸ್‌ಟಿ4 ಇದೆ ಅಂತಲೂ ತೋರಿಸಿತು, ಅದರ ಲೇಬಲ್ ಕೂಡ ಸರಿಯಾಗಿಯೇ ಬಂತು. ಯಾಕೆಂದರೆ ಫೈಲ್ ಸಿಸ್ಟಂನ ಸೂಪರ್‌ಬ್ಲಾಕ್ ಇರುವುದು ಮೊದಲ ಚಂಕ್‌ನಲ್ಲಿ, ಮೊದಲ ಚಂಕ್ 0ನೇ ಡಿಸ್ಕಿನಲ್ಲಿ, ಅದು ತನ್ನ ಜಾಗದಲ್ಲೇ ಇತ್ತು. ತಪಾಸಣೆ ಓಡಿಸಿದ ಕೂಡಲೇ ಗ್ರೂಪ್ ಡಿಸ್ಕ್ರಿಪ್ಟರ್‌ಗಳ (ಫೈಲ್ ಸಿಸ್ಟಂನ ಒಳಗಿನ ಲೆಕ್ಕಪತ್ರ) ಚೆಕ್‌ಸಮ್ ತಪ್ಪು ಅನ್ನುವ ಸಾಲುಗಳು ಸುರಿಯತೊಡಗಿದವು. ಲೇಬಲ್ ಕಂಡಿತು ಅಂತ ಖುಷಿಪಟ್ಟು ರಿಪೇರಿ ಮಾಡು ಅಂದಿದ್ದರೆ, ಅದೂ ಓವರ್‌ಲೇ ಇಲ್ಲದೆ, ಇಡೀ ಫೈಲ್ ಸಿಸ್ಟಂ ನುಚ್ಚುನೂರಾಗುತ್ತಿತ್ತು.

ಪ್ಯಾರಿಟಿ ಚೆಕ್ ಮಾಡಿದರೆ ಕ್ರಮ ಸರಿಯೋ ತಪ್ಪೋ ಗೊತ್ತಾಗುವುದಿಲ್ಲವೇ ಅಂತ ಗೆಳೆಯ ಕೇಳಿದ. ಗೊತ್ತಾಗುವುದಿಲ್ಲ. ರೇಡ್ 5ರಲ್ಲಿ ಒಂದು ಸಾಲಿನ ಮೂರು ಡೇಟಾ ಚಂಕ್ ಮತ್ತು ಒಂದು ಪ್ಯಾರಿಟಿ, ಈ ನಾಲ್ಕನ್ನೂ ಎಕ್ಸ್‌ಒಆರ್ (ಬಿಟ್‌ಗಳನ್ನು ಒಂದಕ್ಕೊಂದು ಹೋಲಿಸುವ ಲೆಕ್ಕ) ಮಾಡಿದರೆ ಸೊನ್ನೆ ಬರಬೇಕು. ಎಕ್ಸ್‌ಒಆರ್‌ಗೆ ಹಿಂದು ಮುಂದು ಇಲ್ಲ. ಡಿಸ್ಕ್‌ಗಳನ್ನು ಹೇಗೆ ಅದಲು ಬದಲು ಮಾಡಿದರೂ ಸೊನ್ನೆಯೇ ಬರುತ್ತದೆ. ನಾಲ್ಕೂ ಡಿಸ್ಕ್‌ಗಳ ಆಫ್‌ಸೆಟ್ ಒಂದೇ ಇದೆ ಅನ್ನುವುದಕ್ಕೆ ಆ ಚೆಕ್ ಸ್ವಲ್ಪ ಸಾಕ್ಷಿ ಹೇಳಬಹುದು, ಕ್ರಮದ ಬಗ್ಗೆ ಏನೂ ಹೇಳದು.

ಕೊನೆಯ ಪರೀಕ್ಷೆ ಫೈಲ್‌ಗಳದ್ದೇ. ಸರಿ ಕ್ರಮದ ಅರೇಯನ್ನು ಓದಲು ಮಾತ್ರ ಅಂತ ಮೌಂಟ್ ಮಾಡಿ, ಮೊದಲೇ ಚೆಕ್‌ಸಮ್ ದಾಖಲೆ ಇದ್ದ ದೊಡ್ಡ ಫೈಲ್‌ಗಳನ್ನು ತಾಳೆ ನೋಡಿದೆವು. ಫೈಲ್ ದೊಡ್ಡದಿರಬೇಕು. ಮೂರು ಡೇಟಾ ಚಂಕ್ ಸೇರಿದರೆ 1.5 ಎಂಬಿ. ಅದಕ್ಕಿಂತ ಬಹಳ ದೊಡ್ಡ ಫೈಲ್ ಆದರೆ ನಾಲ್ಕೂ ಡಿಸ್ಕ್‌ಗಳ ಮೇಲೆ ಹರಡಿರುತ್ತದೆ. ಒಂದೇ ಚಂಕ್‌ನೊಳಗೆ ಮುಗಿಯುವ ಸಣ್ಣ ಫೈಲ್ ತೆರೆದು ನೋಡಿದರೆ ಏನೂ ಸಾಬೀತಾಗುವುದಿಲ್ಲ. ಎಲ್ಲವೂ ತಾಳೆಯಾದವು.

ಹಿಂದೆ ಯಾಕೆ ಆಗಿರಲಿಲ್ಲ?

ಇದು ನನ್ನನ್ನು ಕಾಡಿತು. ಹಳೆಯ ಜಿಪಿಟಿಯ ಅವಶೇಷ ಮೊದಲಿನಿಂದಲೂ ಇತ್ತು, ಯಂತ್ರ ಎಷ್ಟೋ ಸಲ ರೀಬೂಟ್ ಆಗಿತ್ತು. ಬದಲಾದ ಸೆಟ್ಟಿಂಗ್‌ಗಳ ಪಟ್ಟಿ ಮಾಡುವಾಗ ಉತ್ತರದ ಸುಳಿವು ಸಿಕ್ಕಿತು. ಗೆಳೆಯ ಹಿಂದೆ ಫಾಸ್ಟ್ ಬೂಟ್ ಆನ್ ಮಾಡಿ, ಕೊನೆಯ ಸಲ ಬೂಟ್ ಆದ ಡಿಸ್ಕನ್ನು ಮಾತ್ರ ಎಬ್ಬಿಸು ಅನ್ನುವ ಆಯ್ಕೆ ಕೊಟ್ಟಿದ್ದ. ಆಗ ಫರ್ಮ್‌ವೇರ್ ಎಸ್‌ಎಸ್‌ಡಿ ಬಿಟ್ಟು ಬೇರೆ ಡಿಸ್ಕ್‌ಗಳ ಕಡೆ ತಲೆ ಹಾಕುತ್ತಿರಲಿಲ್ಲ. ಅಪ್‌ಡೇಟ್ ಅದನ್ನೂ ಆಫ್ ಮಾಡಿತ್ತು.

ಊಹೆಯನ್ನು ಪರೀಕ್ಷಿಸಲು ಒಂದು ಹಳೆಯ ಬಿಡಿ ಡಿಸ್ಕ್ ತಗೊಂಡೆವು. ಅದರ ಮೇಲೆ ಜಿಪಿಟಿ ಮಾಡಿ, ಅದನ್ನು ಅಳಿಸದೆ ಮೇಲಿಂದ ಎಂಡಿಆಡ್ಮ್ ಅರೇ ಕಟ್ಟಿ, ಮೊದಲ 34 ಸೆಕ್ಟರ್‌ಗಳ ಚೆಕ್‌ಸಮ್ ಬರೆದಿಟ್ಟು, ಅದೇ ಬೋರ್ಡಿಗೆ ಹಾಕಿದೆವು. ಫಾಸ್ಟ್ ಬೂಟ್ ಆ ಆಯ್ಕೆಯೊಂದಿಗೆ ಆನ್ ಇದ್ದಾಗ ಚೆಕ್‌ಸಮ್ ಬದಲಾಗಲಿಲ್ಲ. ಆಫ್ ಮಾಡಿ ಬೂಟ್ ಮಾಡಿದಾಗ 8ನೇ ಸೆಕ್ಟರ್ ಸೊನ್ನೆಯಾಯಿತು. ಮತ್ತೆ ಅರೇ ಕಟ್ಟಿ, ಈ ಸಲ ಡಿಸ್ಕಿನ ಕೊನೆಯ ಜಿಪಿಟಿ ಪ್ರತಿಯನ್ನು ಅಳಿಸಿ ನೋಡಿದೆವು. ಫಾಸ್ಟ್ ಬೂಟ್ ಆಫ್ ಇದ್ದರೂ ಸೂಪರ್‌ಬ್ಲಾಕ್ ಉಳಿಯಿತು. ನಕಲು ಮಾಡಲು ಪ್ರತಿಯೇ ಇಲ್ಲದಿದ್ದರೆ ಫರ್ಮ್‌ವೇರ್ ಏನು ತಾನೇ ಬರೆದೀತು?

ಹಾಗಾಗಿ ಹೊಸ ಫರ್ಮ್‌ವೇರ್‌ನಲ್ಲಿ ದೋಷ ಇತ್ತು ಅನ್ನಲಾರೆ. ಹಳೆಯದೂ ಅವಕಾಶ ಸಿಕ್ಕಿದ್ದರೆ ಇದನ್ನೇ ಮಾಡುತ್ತಿತ್ತೇನೋ. ಅಪ್‌ಡೇಟ್ ಮಾಡಿದ್ದು ಸೆಟ್ಟಿಂಗ್ ಅಳಿಸಿ ಬಾಗಿಲು ತೆರೆದದ್ದು.

ಮತ್ತೆ ಕಟ್ಟಿದ್ದು

ಎರಡು ದಾರಿಗಳಿದ್ದವು. ನಾಲ್ಕೂ ಡಿಸ್ಕ್‌ಗಳಿಂದ ಜಿಪಿಟಿಯ ಎರಡೂ ಪ್ರತಿಗಳನ್ನು ಒರೆಸಿ, ಓವರ್‌ಲೇ ಮೇಲೆ ಮಾಡಿದ ಕ್ರಿಯೇಟನ್ನೇ ನಿಜವಾದ ಡಿಸ್ಕ್‌ಗಳ ಮೇಲೆ ಮಾಡುವುದು ಒಂದು. ಬೇಗ ಮುಗಿಯುತ್ತದೆ, ತಾಂತ್ರಿಕವಾಗಿ ತಪ್ಪೂ ಇಲ್ಲ. ಜಾಗ ಸಿಗದವರು ಇದನ್ನೇ ಮಾಡಬೇಕಾಗುತ್ತದೆ. ಅವರಿಗೆ ಒಂದು ಮಾತು: ಮೊದಲು ಒರೆಸಿ, ಆಮೇಲೆ ಕ್ರಿಯೇಟ್ ಮಾಡಿ. ಜಿಪಿಟಿ ಒರೆಸುವ ಉಪಕರಣಗಳು ಮೊದಲ 34 ಸೆಕ್ಟರ್‌ಗಳನ್ನೂ ಸೊನ್ನೆ ಮಾಡುತ್ತವೆ. ಕ್ರಿಯೇಟ್ ಆದಮೇಲೆ ಒರೆಸಿದರೆ ಹೊಸ ಸೂಪರ್‌ಬ್ಲಾಕ್ ಕೂಡ ಅದರ ಜೊತೆಗೇ ಹೋಗುತ್ತದೆ.

ನಾವು ಇನ್ನೊಂದು ದಾರಿ ಹಿಡಿದೆವು. ಓವರ್‌ಲೇ ಅರೇಯಿಂದಲೇ ಎಲ್ಲ ಡೇಟಾವನ್ನೂ ಬೇರೆ ಡಿಸ್ಕ್‌ಗಳಿಗೆ ನಕಲು ಮಾಡಿ, ನಕಲನ್ನು ಚೆಕ್‌ಸಮ್‌ನಿಂದ ತಾಳೆ ನೋಡಿ, ಆಮೇಲೆ ನಾಲ್ಕನ್ನೂ ಪೂರ್ತಿ ಖಾಲಿ ಮಾಡಿದೆವು. ಪ್ರತಿಯೊಂದರಲ್ಲೂ ಹೊಸ ಜಿಪಿಟಿ, ಅದರೊಳಗೆ 2048ನೇ ಸೆಕ್ಟರಿನಿಂದ ಶುರುವಾಗುವ ಒಂದೇ ಪಾರ್ಟಿಷನ್, ಬಗೆ ಲಿನಕ್ಸ್ ರೇಡ್. ಕೊನೆಯಲ್ಲಿ 100 ಎಂಬಿಯಷ್ಟು ಜಾಗ ಬಿಟ್ಟೆವು. ಮುಂದೆ ಯಾವುದಾದರೂ ಡಿಸ್ಕ್ ಬದಲಾಯಿಸುವಾಗ ಬೇರೆ ಕಂಪನಿಯ 4 ಟಿಬಿ ಡಿಸ್ಕ್ ಸ್ವಲ್ಪ ಚಿಕ್ಕದಿದ್ದರೂ ಹಿಡಿಸಲಿ ಅಂತ. ಅರೇಯನ್ನು ಆ ಪಾರ್ಟಿಷನ್‌ಗಳ ಮೇಲೆ ಕಟ್ಟಿದೆವು. ಈಗ ಸೂಪರ್‌ಬ್ಲಾಕ್ ಇರುವುದು ಪಾರ್ಟಿಷನ್ ಶುರುವಾದ ಮೇಲೆ 4 ಕೆಬಿ ದೂರದಲ್ಲಿ, ಜಿಪಿಟಿಯ ಪಟ್ಟಿಗೂ ಅದಕ್ಕೂ ಸಂಬಂಧವೇ ಇಲ್ಲ. ಫರ್ಮ್‌ವೇರ್ ಬಂದು ನೋಡಿದರೂ ಎರಡೂ ಪ್ರತಿ ಸರಿಯಾಗಿವೆ, ಸರಿಪಡಿಸಲು ಏನೂ ಇಲ್ಲ.

ಲೇನ್ ಸೆಟ್ಟಿಂಗನ್ನು ಎರಡಕ್ಕೆ ಇಳಿಸಿ, ಡಿಸ್ಕ್‌ಗಳನ್ನು ಹಳೆಯ ಪೋರ್ಟ್‌ಗಳಿಗೇ ಹಾಕಿದ್ದು ಎಲ್ಲಕ್ಕಿಂತ ಕೊನೆಗೆ. ಫಾಸ್ಟ್ ಬೂಟ್ ಅನ್ನು ಆಫ್‌ನಲ್ಲೇ ಬಿಟ್ಟೆವು, ಬೇಕೆಂದೇ. ಫರ್ಮ್‌ವೇರ್ ಪ್ರತಿ ಬೂಟ್‌ನಲ್ಲೂ ನಾಲ್ಕೂ ಡಿಸ್ಕನ್ನು ನೋಡಲಿ, ಏನಾದರೂ ಆಗುವುದಿದ್ದರೆ ನಕಲು ಇನ್ನೂ ಕೈಯಲ್ಲಿರುವಾಗಲೇ ಆಗಲಿ ಅಂತ. ಬೂಟ್ ಆಯಿತು, ಅರೇ ನಾಲ್ಕಕ್ಕೆ ನಾಲ್ಕೂ ಸದಸ್ಯರೊಂದಿಗೆ ಬಂತು. ಮತ್ತೆ ಮತ್ತೆ ರೀಬೂಟ್ ಮಾಡಿ ಮೊದಲ 34 ಸೆಕ್ಟರ್‌ಗಳ ಚೆಕ್‌ಸಮ್ ನೋಡಿದೆವು, ಬದಲಾಗಲಿಲ್ಲ.

ಗೆಳೆಯ ಈಗ ಸೆಟಪ್‌ನ ಪ್ರತಿ ಪುಟದ ಫೋಟೋ ತೆಗೆದು ಇಟ್ಟಿದ್ದಾನೆ. ಅದರ ಪಕ್ಕದಲ್ಲೇ ಅರೇಯ ಎಕ್ಸಾಮಿನ್ ವರದಿ, ಸೀರಿಯಲ್ ನಂಬರ್‌ಗಳೊಂದಿಗೆ, ಇನ್ನೊಂದು ಯಂತ್ರದಲ್ಲಿ. ಮುಂದಿನ ಫರ್ಮ್‌ವೇರ್ ಅಪ್‌ಡೇಟ್ ಹಾಕುವ ಮೊದಲು ನಾಲ್ಕು ಹಾರ್ಡ್ ಡಿಸ್ಕ್‌ಗಳ ಸಾಟಾ ಕೇಬಲ್ ತೆಗೆಯುವುದು, ಸೆಟ್ಟಿಂಗ್‌ಗಳನ್ನು ಫೋಟೋ ನೋಡಿ ಸರಿ ಮಾಡಿದ ಮೇಲೆಯೇ ಮತ್ತೆ ಹಾಕುವುದು ಅಂತ ಅವನೇ ತೀರ್ಮಾನಿಸಿದ್ದಾನೆ.